ಸೊನ್ನೆ ಬರೆದು ಶಾಲೆ ಮುಚ್ಚಿದವರು

ಒಂದು ಸರ್ಕಾರಿ ಶಾಲೆ ಮುಚ್ಚಬೇಕು ಅಂದ್ರೆ ಏನೇನು ಬೇಕು? ಮೇಲಿಂದ ಒಂದು ಆದೇಶ ಬರಬೇಕು, ಅದಕ್ಕೆ ಸಹಿ, ಸೀಲು ಬೀಳಬೇಕು, ಬೀಗ ಹಾಕೋಕೆ ಒಬ್ಬ ಜವಾನ ಬೇಕು, ಗಲಾಟೆಯಾದರೆ ಇರಲಿ ಅಂತ ಇಬ್ಬರು ಪೊಲೀಸರು ಬೇಕು. ನಾವೆಲ್ಲ ಹೀಗೇ ಅಂದ್ಕೊಂಡಿರ್ತೀವಿ. ಅಮೆರಿಕದ ವರ್ಜೀನಿಯಾ ರಾಜ್ಯದ ಪ್ರಿನ್ಸ್ ಎಡ್ವರ್ಡ್ ಅನ್ನೋ ಸಣ್ಣ ಕೌಂಟಿಯಲ್ಲಿ 1959ರಲ್ಲಿ ಇದ್ಯಾವುದೂ ಬೇಕಾಗಲಿಲ್ಲ. ಬಜೆಟ್ ಮೀಟಿಂಗಿನಲ್ಲಿ ಶಾಲೆಗಳ ಲೆಕ್ಕದ ಮುಂದೆ ಒಂದು ಸೊನ್ನೆ ಬರೆದರು, ಅಷ್ಟೇ. ಇಡೀ ಕೌಂಟಿಯ ಸರ್ಕಾರಿ ಶಾಲೆಗಳು ನಿಂತುಹೋದವು. ಮತ್ತೆ ಬಾಗಿಲು ತೆರೆದದ್ದು 1964ರಲ್ಲಿ. ನಡುವೆ ಐದು ವರ್ಷ.

ಅಮೆರಿಕದ ಜನಾಂಗ ಭೇದದ ಬಗ್ಗೆ ನಾವು ಓದಿರೋದು ಹೆಚ್ಚಾಗಿ ಮಾರ್ಟಿನ್ ಲೂಥರ್ ಕಿಂಗ್, ರೋಸಾ ಪಾರ್ಕ್ಸ್, ವಾಷಿಂಗ್ಟನ್ನಿನ ದೊಡ್ಡ ಮೆರವಣಿಗೆ, ಇಂಥವನ್ನ. ದೊಡ್ಡ ಊರು, ದೊಡ್ಡ ಮೈದಾನ, ದೊಡ್ಡ ಭಾಷಣ. ಆದರೆ ಆ ಹೋರಾಟದ ಬಹುಭಾಗ ನಡೆದದ್ದು ಸಣ್ಣ ಊರುಗಳ ಸಣ್ಣ ಕೋಣೆಗಳಲ್ಲಿ, ಸ್ಕೂಲ್ ಬೋರ್ಡಿನ ಮೀಟಿಂಗುಗಳಲ್ಲಿ, ಟ್ಯಾಕ್ಸ್ ಎಷ್ಟು ಹಾಕಬೇಕು ಅನ್ನೋ ಬೇಜಾರಿನ ಚರ್ಚೆಗಳಲ್ಲಿ. ಪ್ರಿನ್ಸ್ ಎಡ್ವರ್ಡಿನ ಕತೆ ಅಂಥದ್ದು.

ಮೊದಲು ಅಲ್ಲಿನ ವ್ಯವಸ್ಥೆ ಸ್ವಲ್ಪ ತಿಳ್ಕೊಳ್ಳೋಣ, ಇಲ್ಲದಿದ್ರೆ ಮುಂದಿನದು ಅರ್ಥ ಆಗಲ್ಲ. ಕೌಂಟಿ ಅಂದ್ರೆ ರಾಜ್ಯದ ಕೆಳಗಿನ ಒಂದು ಆಡಳಿತ ವಿಭಾಗ. ಪ್ರಿನ್ಸ್ ಎಡ್ವರ್ಡಿನ ಜನಸಂಖ್ಯೆ ಆಗ ಸುಮಾರು 15 ಸಾವಿರ, ಅಂದ್ರೆ ನಮ್ಮ ಎರಡು ಮೂರು ಗ್ರಾಮ ಪಂಚಾಯ್ತಿಗಳಷ್ಟು. ಮುಖ್ಯ ಊರು ಫಾರ್ಮ್‌ವಿಲ್, ಸುತ್ತ ಹೊಗೆಸೊಪ್ಪಿನ ಹೊಲಗಳು. ಶಾಲೆಗಳನ್ನು ನೋಡಿಕೊಳ್ಳೋಕೆ ಒಂದು ಸ್ಕೂಲ್ ಬೋರ್ಡು. ಕಟ್ಟಡ, ಮೇಷ್ಟ್ರು, ಬಸ್ಸು ಎಲ್ಲ ಅವರದ್ದು. ಆದರೆ ಟ್ಯಾಕ್ಸ್ ಹಾಕುವ ಅಧಿಕಾರ ಅವರಿಗಿಲ್ಲ. ಅದು ಬೋರ್ಡ್ ಆಫ್ ಸುಪರ್‌ವೈಸರ್ಸ್ ಅನ್ನೋ ಇನ್ನೊಂದು ಚುನಾಯಿತ ಮಂಡಳಿಯ ಕೈಲಿ. ಶಾಲೆಯ ಕೀಲಿಕೈ ಒಬ್ಬರ ಹತ್ತಿರ, ಗಲ್ಲಾಪೆಟ್ಟಿಗೆ ಇನ್ನೊಬ್ಬರ ಹತ್ತಿರ. ಈ ಏರ್ಪಾಡನ್ನು ನೆನಪಿಟ್ಕೊಳ್ಳಿ.

ಆಗಿನ ವರ್ಜೀನಿಯಾದಲ್ಲಿ ಬಿಳಿ ಮಕ್ಕಳಿಗೆ ಒಂದು ಶಾಲೆ, ಕಪ್ಪು ಮಕ್ಕಳಿಗೆ ಇನ್ನೊಂದು ಶಾಲೆ. ರಾಜ್ಯದ ಸಂವಿಧಾನದಲ್ಲೇ ಹಾಗೆ ಬರೆದಿತ್ತು. ಫಾರ್ಮ್‌ವಿಲ್ಲಿನ ಕಪ್ಪು ಮಕ್ಕಳ ಮೋಟನ್ ಹೈಸ್ಕೂಲು 1939ರಲ್ಲಿ ಕಟ್ಟಿದ್ದು, 180 ಮಕ್ಕಳಿಗೆ ಅಂತ. ಹತ್ತು ಹನ್ನೆರಡು ವರ್ಷದಲ್ಲಿ ಅಲ್ಲಿ 450ಕ್ಕೂ ಹೆಚ್ಚು ಮಕ್ಕಳಾದರು. ಊಟದ ಹಾಲ್ ಇಲ್ಲ, ಜಿಮ್ ಇಲ್ಲ, ಸೈನ್ಸ್ ಲ್ಯಾಬ್ ಇಲ್ಲ. ಹೊಸ ಕಟ್ಟಡ ಕೇಳಿದ್ದಕ್ಕೆ ಸ್ಕೂಲ್ ಬೋರ್ಡಿನವರು ಮರದ ಚೌಕಟ್ಟಿಗೆ ಟಾರು ಕಾಗದ ಹೊದಿಸಿದ ಶೆಡ್ಡುಗಳನ್ನು ಅಂಗಳದಲ್ಲಿ ಹಾಕಿಕೊಟ್ಟರು. ಚಳಿಗಾಲದಲ್ಲಿ ಒಳಗೆ ಒಂದು ಒಲೆ. ಅದರ ಪಕ್ಕ ಕೂತವರಿಗೆ ಸೆಕೆ, ದೂರ ಕೂತವರಿಗೆ ನಡುಕ.

ಅಪ್ಪ ಅಮ್ಮಂದಿರು ಸುಮ್ಮನಿರಲಿಲ್ಲ. ಪಾದ್ರಿ ಫ್ರಾನ್ಸಿಸ್ ಗ್ರಿಫಿನ್ ಮತ್ತು ಶಾಲೆಯ ಹೆಡ್ಮಾಸ್ಟರು ಬಾಯ್ಡ್ ಜೋನ್ಸ್ ತಿಂಗಳು ತಿಂಗಳೂ ಬೋರ್ಡಿನ ಮೀಟಿಂಗಿಗೆ ಹೋಗಿ ಹೊಸ ಕಟ್ಟಡದ ಮಾತೆತ್ತುತ್ತಿದ್ದರು. ಬೋರ್ಡಿನಲ್ಲಿ ಇದ್ದವರೆಲ್ಲ ಬಿಳಿಯರು. 'ನೋಡೋಣ', 'ಜಾಗ ಹುಡುಕ್ತಿದ್ದೀವಿ', 'ದುಡ್ಡಿಗೆ ಪ್ರಯತ್ನ ನಡೀತಿದೆ' ಇದೇ ರಾಗ. ಕೊನೆಗೆ, ಇನ್ನು ನೀವು ಮೀಟಿಂಗಿಗೆ ಬರೋದು ಬೇಡ, ಏನಾದರೂ ಇದ್ರೆ ನಾವೇ ಹೇಳಿ ಕಳಿಸ್ತೀವಿ ಅಂದುಬಿಟ್ಟರು. ಸರ್ಕಾರಿ ಆಫೀಸಿನ ಬೆಂಚಿನ ಮೇಲೆ ಕೂತು ಬಂದ ಯಾರಿಗೇ ಆದರೂ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡವರ ತಾಳ್ಮೆ ಮುಗಿಯುವ ಮೊದಲೇ ಮಕ್ಕಳದು ಮುಗಿಯಿತು. 1951ರ ಏಪ್ರಿಲ್ 23ರಂದು ಬಾರ್ಬರಾ ಜಾನ್ಸ್ ಅನ್ನೋ 16 ವರ್ಷದ ಹುಡುಗಿ, ಒಂದಿಷ್ಟು ಗೆಳೆಯರನ್ನು ಕಟ್ಟಿಕೊಂಡು, ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಶಾಲೆಯ ಹುಡುಗರು ತೊಂದರೆಯಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಅಂತ ಸುಳ್ಳು ಫೋನು ಮಾಡಿಸಿ ಹೆಡ್ಮಾಸ್ಟರನ್ನು ಹೊರಗೆ ಕಳಿಸಿದಳು. ಅವರದೇ ಹೆಸರಿನಲ್ಲಿ ಎಲ್ಲ ಕ್ಲಾಸಿಗೂ ಚೀಟಿ ಕಳಿಸಿ ಸಭೆ ಕರೆದಳು. ಪರದೆ ಸರಿದಾಗ ವೇದಿಕೆಯ ಮೇಲೆ ಹೆಡ್ಮಾಸ್ಟರ ಬದಲು ಈ ಹುಡುಗಿ. ಮೇಷ್ಟ್ರುಗಳು ದಯವಿಟ್ಟು ಹೊರಗೆ ಹೋಗಿ ಅಂತ ಹೇಳಿ, ಮಕ್ಕಳೊಂದಿಗೆ ಮಾತಾಡಿದಳು. ಇಡೀ ಶಾಲೆ ಹೊರಗೆ ನಡೆಯಿತು. ಮುಷ್ಕರ ಎರಡು ವಾರ ನಡೆಯಿತು.

ಮಕ್ಕಳು ಕೇಳಿದ್ದು ಒಂದು ಒಳ್ಳೆಯ ಕಟ್ಟಡ ಮಾತ್ರ. ರಿಚ್ಮಂಡಿನಿಂದ ಬಂದ ವಕೀಲರಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್, ಕಟ್ಟಡಕ್ಕಾಗಿ ಕೇಸು ಹಾಕಲ್ಲ, ಶಾಲೆಗಳನ್ನು ಬೇರೆ ಬೇರೆ ಮಾಡಿರೋದೇ ತಪ್ಪು ಅಂತ ಹಾಕೋದಾದರೆ ಬರ್ತೀವಿ ಅಂದರು. ಊರವರು ಒಪ್ಪಿದರು. ಮೇ 23ರಂದು 117 ವಿದ್ಯಾರ್ಥಿಗಳ ಪರವಾಗಿ ದಾವೆ ದಾಖಲಾಯಿತು. ಹೆಡ್ಮಾಸ್ಟರ ಕೆಲಸವನ್ನು ಬೋರ್ಡು ಮುಂದುವರಿಸಲಿಲ್ಲ. ಬಾರ್ಬರಾಳನ್ನು ಮನೆಯವರು ಭಯಕ್ಕೆ ಅಲಬಾಮಾದಲ್ಲಿದ್ದ ಅವಳ ದೊಡ್ಡಪ್ಪ ವೆರ್ನನ್ ಜಾನ್ಸ್ ಮನೆಗೆ ಕಳಿಸಿದರು. ಹೊಸ ಕಟ್ಟಡ ಮಾತ್ರ 1953ರಲ್ಲಿ ಎದ್ದು ನಿಂತಿತು! ಅಷ್ಟು ವರ್ಷ ಸಿಗದ ದುಡ್ಡು ಕೋರ್ಟಿನ ಕೇಸು ಬಿದ್ದ ಮೇಲೆ ಸಿಕ್ಕಿತು.

ಆ ಕೇಸು ಇನ್ನೂ ನಾಲ್ಕು ಕೇಸುಗಳ ಜೊತೆ ಸೇರಿ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ಪ್ರಸಿದ್ಧ ಬ್ರೌನ್ ವರ್ಸಸ್ ಬೋರ್ಡ್ ಆಫ್ ಎಜುಕೇಶನ್. 1954ರ ಮೇ 17ರಂದು, ಸರ್ಕಾರಿ ಶಾಲೆಗಳಲ್ಲಿ ಬಣ್ಣದ ಮೇಲೆ ಮಕ್ಕಳನ್ನು ಬೇರ್ಪಡಿಸೋದು ಸಂವಿಧಾನಕ್ಕೆ ವಿರುದ್ಧ ಅಂತ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ನಮ್ಮ ಪಠ್ಯಪುಸ್ತಕದ ಥರದ ಇತಿಹಾಸ ಇಲ್ಲಿಗೆ ಮುಗಿಯುತ್ತೆ. ತೀರ್ಪು ಬಂತು, ನ್ಯಾಯ ಸಿಕ್ಕಿತು, ಮುಂದಿನ ಪಾಠ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಪೂಜಾರಿಗಳ ತಯಾರಿ ಮೊದಲೇ ಶುರುವಾಗಿತ್ತು. ಪ್ರಿನ್ಸ್ ಎಡ್ವರ್ಡಿನ ಸುಪರ್‌ವೈಸರ್‌ಗಳು ಶಾಲೆಗಳಿಗೆ ವರ್ಷಕ್ಕೊಮ್ಮೆ ಹಣ ಕೊಡೋ ಪದ್ಧತಿ ನಿಲ್ಲಿಸಿ, ತಿಂಗಳು ತಿಂಗಳು ಕೊಡತೊಡಗಿದರು. ಕೋರ್ಟಿನ ಆದೇಶ ಯಾವ ತಿಂಗಳಲ್ಲಿ ಬಂದರೂ ಮುಂದಿನ ತಿಂಗಳೇ ನಲ್ಲಿ ತಿರುಗಿಸಬಹುದಲ್ಲ, ಅದಕ್ಕೆ. 1956ರಲ್ಲಿ 4 ಸಾವಿರಕ್ಕೂ ಹೆಚ್ಚು ಬಿಳಿಯರು ಸಹಿ ಹಾಕಿದ ಮನವಿಯೊಂದು ಅವರ ಕೈ ಸೇರಿತು. ಮಕ್ಕಳನ್ನು ಒಟ್ಟಿಗೆ ಕೂರಿಸೋದಕ್ಕಿಂತ ಸರ್ಕಾರಿ ಶಾಲೆಗಳನ್ನೇ ಬಿಟ್ಟುಬಿಡೋದು ಮೇಲು ಅನ್ನೋದು ಅದರ ಸಾರಾಂಶ. 15 ಸಾವಿರ ಜನಸಂಖ್ಯೆಯ ಕೌಂಟಿ, ಅದರಲ್ಲಿ ಮಕ್ಕಳನ್ನೂ ಕಪ್ಪು ಜನರನ್ನೂ ಕಳೆದು ನೋಡಿ. ಯಾರೋ ನಾಲ್ಕು ಜನ ಪುಂಡರ ಕೆಲಸ ಇದಲ್ಲ. ಅಂಗಡಿಯವರು, ರೈತರು, ಗುಮಾಸ್ತರು, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು, ಊರಿನ ಮರ್ಯಾದಸ್ಥರೇ ಸಹಿ ಹಾಕಿದ್ದು.

1959ರ ಮೇ ತಿಂಗಳಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು, ಬರುವ ಸೆಪ್ಟೆಂಬರಿನಿಂದಲೇ ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳಿ ಅಂತ ಖಡಾಖಂಡಿತ ಹೇಳಿತು. ಜೂನಿನಲ್ಲಿ ಸುಪರ್‌ವೈಸರ್‌ಗಳು ಸೇರಿದರು. 1959-60ನೇ ಸಾಲಿಗೆ ಶಾಲಾ ತೆರಿಗೆ ಹಾಕೋದಿಲ್ಲ, ಶಾಲೆಗಳಿಗೆ ಹಣವೂ ಇಲ್ಲ ಅಂತ ತೀರ್ಮಾನಿಸಿದರು. ಕಪ್ಪು ಮಕ್ಕಳನ್ನು ಸೇರಿಸಬೇಡಿ ಅಂತ ಅವರೇನೂ ಆದೇಶ ಮಾಡಲಿಲ್ಲ. ಶಾಲೆ ಮುಚ್ಚಿ ಅಂತಲೂ ಹೇಳಲಿಲ್ಲ. ಸ್ಕೂಲ್ ಬೋರ್ಡು ಹಾಗೇ ಇತ್ತು, ಕಟ್ಟಡಗಳು ಹಾಗೇ ಇದ್ದವು. ದುಡ್ಡು ಮಾತ್ರ ಇರಲಿಲ್ಲ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಬೇಕಂದ್ರೆ, ಪ್ರೋಗ್ರಾಮನ್ನು ಯಾರೂ ಡಿಲೀಟ್ ಮಾಡಲಿಲ್ಲ, ಕಾನ್ಫಿಗ್ ಫೈಲಿನಲ್ಲಿ ಒಂದು ಸಂಖ್ಯೆ ಬದಲಿಸಿದರು. ಎರರ್ ಕೂಡ ಬರಲಿಲ್ಲ. ಸುಮ್ಮನೆ ಕೆಲಸ ನಿಂತಿತು.

ಬಿಳಿ ಮಕ್ಕಳ ಗತಿ? ಅದಕ್ಕೂ ಏರ್ಪಾಡಾಗಿತ್ತು. ಪ್ರಿನ್ಸ್ ಎಡ್ವರ್ಡ್ ಅಕಾಡೆಮಿ ಅಂತ ಒಂದು ಖಾಸಗಿ ಶಾಲೆ ಆ ಸೆಪ್ಟೆಂಬರಿನಲ್ಲೇ ಶುರುವಾಯಿತು. ಚರ್ಚುಗಳ ಕೋಣೆಗಳಲ್ಲಿ ಕ್ಲಾಸುಗಳು. ಸರ್ಕಾರಿ ಶಾಲೆಯ ಬಿಳಿ ಮೇಷ್ಟ್ರುಗಳು ಬಹುತೇಕ ಎಲ್ಲರೂ ಅಲ್ಲಿಗೇ ಹೋದರು. ಮೊದಲ ವರ್ಷ ಚಂದಾ ಹಣದಲ್ಲಿ ನಡೆಯಿತು. ಮಾರನೇ ವರ್ಷ, ಖಾಸಗಿ ಶಾಲೆಗೆ ಹೋಗುವ ಮಕ್ಕಳಿಗೆ ರಾಜ್ಯದಿಂದ 125ರಿಂದ 150 ಡಾಲರು, ಕೌಂಟಿಯಿಂದ 100 ಡಾಲರು ಫೀಸಿನ ಸಹಾಯಧನ. ಜೊತೆಗೆ ಖಾಸಗಿ ಶಾಲೆಗೆ ಚಂದಾ ಕೊಟ್ಟವರಿಗೆ ಕೌಂಟಿಯ ತೆರಿಗೆಯಲ್ಲಿ ವಿನಾಯಿತಿ. ಸರ್ಕಾರಿ ಶಾಲೆಗೆ ಇಲ್ಲದ ದುಡ್ಡು ಇಲ್ಲಿಗೆ ಇತ್ತು. 1961ರಲ್ಲಿ ಕೋರ್ಟು ಈ ಸಹಾಯಧನವನ್ನು ತಡೆದಾಗ ಫೀಸು ಕಟ್ಟಲಾಗದ ಬಡ ಬಿಳಿಯರಿಗೂ ಬಿಸಿ ತಟ್ಟಿತು.

ಕಪ್ಪು ಮಕ್ಕಳಿಗೆ ಏನೂ ಇರಲಿಲ್ಲ. ಸುಮಾರು 1,700 ಮಕ್ಕಳು. ನಿಮಗೂ ಒಂದು ಖಾಸಗಿ ಶಾಲೆ ಮಾಡಿಕೊಡ್ತೀವಿ ಅಂತ ಬಿಳಿಯರು ಮುಂದೆ ಬಂದರು. ಅದನ್ನು ಒಪ್ಪಿದರೆ ಕೋರ್ಟಿನಲ್ಲಿ ಗೆದ್ದದ್ದನ್ನು ಕೈಯಾರೆ ಬಿಟ್ಟುಕೊಟ್ಟಂತೆ ಅಂತ ಕಪ್ಪು ಜನ ಬೇಡ ಅಂದರು. ಈ ಬೇಡ ಅನ್ನೋ ಮಾತಿನ ಬೆಲೆ ಎಷ್ಟು ಅಂತ ಒಂದು ಕ್ಷಣ ಯೋಚಿಸಿ. ಮನೆಯಲ್ಲಿ ಕೂತಿರೋದು ಅವರದೇ ಮಕ್ಕಳು. ಪಾದ್ರಿ ಗ್ರಿಫಿನ್ ಮತ್ತು ಜೊತೆಗಾರರು ಚರ್ಚಿನ ನೆಲಮಾಳಿಗೆಯಲ್ಲಿ ಅಕ್ಷರ, ಲೆಕ್ಕ ಹೇಳಿಕೊಡುವ ಕೇಂದ್ರಗಳನ್ನು ನಡೆಸಿದರು. ಕೆಲವು ಮಕ್ಕಳು ನೆಂಟರ ಮನೆಗೆ ಹೋಗಿ ಪಕ್ಕದ ಕೌಂಟಿಯಲ್ಲಿ ಓದಿದರು. ಕ್ವೇಕರ್ ಪಂಥದವರ ಸಂಸ್ಥೆಯೊಂದು ಕೆಲವರನ್ನು ಬೇರೆ ರಾಜ್ಯಗಳಲ್ಲಿ ಗುರುತಿಲ್ಲದ ಕುಟುಂಬಗಳ ಮನೆಯಲ್ಲಿ ಇರಿಸಿ ಓದಿಸಿತು. ಹೀಗೆ ಹೋಗಲಾಗದವರು ಹೊಗೆಸೊಪ್ಪಿನ ಹೊಲಕ್ಕೆ ಹೋದರು. 1959ರಲ್ಲಿ ಒಂದನೇ ಕ್ಲಾಸಿಗೆ ಸೇರಬೇಕಿದ್ದ ಆರು ವರ್ಷದ ಮಗು, ಮತ್ತೆ ಕ್ಲಾಸ್ ರೂಮು ಸಿಕ್ಕಾಗ ಹತ್ತು ವರ್ಷದ್ದಾಗಿತ್ತು. ಹನ್ನೆರಡು ಹದಿಮೂರರಲ್ಲಿ ಓದು ನಿಂತ ಎಷ್ಟೋ ಜನ ತಿರುಗಿ ಶಾಲೆಗೆ ಬರಲೇ ಇಲ್ಲ.

ಎಲ್ಲ ಬಿಳಿಯರೂ ಒಂದೇ ಥರ ಇದ್ದರು ಅಂತ ಹೇಳೋದು ತಪ್ಪಾಗುತ್ತೆ. ಖಾಲಿ ಬಿದ್ದಿದ್ದ ಸರ್ಕಾರಿ ಹೈಸ್ಕೂಲಿನ ಕಟ್ಟಡವನ್ನು ಖಾಸಗಿ ಶಾಲೆಗೆ ಮಾರಿ ಅಂತ ಒತ್ತಡ ಬಂದಾಗ, 1960ರಲ್ಲಿ ಸ್ಕೂಲ್ ಬೋರ್ಡಿನ ಬಹುಪಾಲು ಸದಸ್ಯರು ರಾಜೀನಾಮೆ ಕೊಟ್ಟರು. ಮಕ್ಕಳನ್ನು ಒಟ್ಟಿಗೆ ಕೂರಿಸಬೇಕು ಅಂತ ಹೋರಾಡಿದವರಲ್ಲ ಅವರು. ಆದರೆ ಊರಿನ ಆಸ್ತಿ ಮಾರೋಕೆ ನಮ್ಮ ಕೈ ಬರಲ್ಲ ಅಂದರು. ಸಣ್ಣ ಊರಿನಲ್ಲಿ ಅಷ್ಟು ಹೇಳೋದಕ್ಕೂ ಧೈರ್ಯ ಬೇಕು. ಮಾರನೇ ದಿನ ಅದೇ ಅಂಗಡಿಗೆ ಸಾಮಾನು ತರೋಕೆ ಹೋಗಬೇಕು, ಅದೇ ಚರ್ಚಿನಲ್ಲಿ ಅದೇ ಜನರ ಪಕ್ಕ ಕೂರಬೇಕು.

1963ರ ಹೊತ್ತಿಗೆ ಕೆನಡಿ ಸರ್ಕಾರಕ್ಕೆ ಇದು ನಾಚಿಕೆಯ ವಿಷಯವಾಗಿತ್ತು. ಆ ಸೆಪ್ಟೆಂಬರಿನಲ್ಲಿ ದಾನದ ಹಣದಿಂದ 'ಫ್ರೀ ಸ್ಕೂಲ್' ಅಂತ ಶುರುಮಾಡಿ, ನೀಲ್ ಸಲ್ಲಿವನ್ ಅನ್ನೋ ಅಧಿಕಾರಿಯನ್ನು ಮುಖ್ಯಸ್ಥರನ್ನಾಗಿ ಮಾಡಿದರು. ಸುಮಾರು 1,500 ಮಕ್ಕಳು ಬಂದರು, ಅದರಲ್ಲಿ ಬಿಳಿ ಮಕ್ಕಳು ಬೆರಳೆಣಿಕೆಯಷ್ಟು. ಅತ್ತ ಗ್ರಿಫಿನ್ ಅವರ ಮಕ್ಕಳ ಹೆಸರಿನಲ್ಲಿದ್ದ ಕೇಸು ಸುಪ್ರೀಂ ಕೋರ್ಟು ತಲುಪಿತು. 1964ರ ಮೇ 25ರಂದು ತೀರ್ಪು. ಬರೆದವರು ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್. ಶಾಲೆ ನಡೆಸೋದು ಬಿಡೋದು ಕೌಂಟಿಯ ಇಷ್ಟ, ತೆರಿಗೆ ಹಾಕು ಅಂತ ಕೋರ್ಟು ಹೇಳೋ ಹಾಗಿಲ್ಲ ಅನ್ನೋದು ಸುಪರ್‌ವೈಸರ್‌ಗಳ ವಾದವಾಗಿತ್ತು. ವರ್ಜೀನಿಯಾದ ಉಳಿದ ಕಡೆಯೆಲ್ಲ ಸರ್ಕಾರಿ ಶಾಲೆ ನಡೆಯುವಾಗ ಇಲ್ಲಿ ಮಾತ್ರ ಮುಚ್ಚಿ, ಬಿಳಿಯರ ಖಾಸಗಿ ಶಾಲೆಗೆ ದುಡ್ಡು ಕೊಟ್ಟದ್ದು ಬಣ್ಣದ ಕಾರಣಕ್ಕೇ, ಬೇಕಾದರೆ ತೆರಿಗೆ ಹಾಕಿ ಶಾಲೆ ತೆರೆಯಿರಿ ಅಂತ ಕೆಳಗಿನ ಕೋರ್ಟು ಆದೇಶ ಮಾಡಬಹುದು ಅಂತ ಸುಪ್ರೀಂ ಕೋರ್ಟು ಹೇಳಿತು.

ಅಲ್ಲಿಗಾದರೂ ಮುಗಿಯಿತಾ? ಇಲ್ಲ. ಆ ಜೂನಿನ ಬಜೆಟ್ಟಿನಲ್ಲಿ ಸುಪರ್‌ವೈಸರ್‌ಗಳು ಸರ್ಕಾರಿ ಶಾಲೆಗಳಿಗೆ ಇಟ್ಟದ್ದು 1,89,000 ಡಾಲರು. ಖಾಸಗಿ ಶಾಲೆಯ ಫೀಸಿನ ಸಹಾಯಕ್ಕೆ ಇಟ್ಟದ್ದು 3,75,000 ಡಾಲರು. ಇದನ್ನೂ ಕೋರ್ಟು ತಡೆಯಬಹುದು ಅಂತ ಗೊತ್ತಾಗಿ, ಆಗಸ್ಟಿನ ಒಂದು ರಾತ್ರಿ ಮೀಟಿಂಗ್ ಸೇರಿ, ಬೆಳಗಾಗೋದರೊಳಗೆ ಸುಮಾರು 1,80,000 ಡಾಲರಿನ ಚೆಕ್ಕುಗಳನ್ನು ಬಿಳಿ ಪೋಷಕರಿಗೆ ಹಂಚಿ ಮುಗಿಸಿದರು. 1966ರಲ್ಲಿ ಕೋರ್ಟು ಇದನ್ನು ನ್ಯಾಯಾಂಗ ನಿಂದನೆ ಅಂತ ತೀರ್ಮಾನಿಸಿ, ಆ ಹಣವನ್ನು ಸ್ವಂತ ಜವಾಬ್ದಾರಿಯಲ್ಲಿ ಖಜಾನೆಗೆ ವಾಪಸ್ ತುಂಬಿಸಿ ಅಂದಿತು. ಶಾಲೆಗಳು 1964ರ ಸೆಪ್ಟೆಂಬರಿನಲ್ಲೇ ತೆರೆದಿದ್ದವು. ಮುಷ್ಕರ ಹೂಡಿದ ಮಕ್ಕಳಿಗೆ ಅಷ್ಟರಲ್ಲಿ ಮೂವತ್ತರ ಹತ್ತಿರ ವಯಸ್ಸು.

ಇದೆಲ್ಲ ಅಮೆರಿಕದ ಬಣ್ಣದ ಜಗಳ, ನಮಗೇನು ಅನ್ನಿಸಬಹುದು. ಆದರೆ ಇಂಥದೇ ಒಂದು ಪ್ರಶ್ನೆ ಇದಕ್ಕೂ ನೂರು ವರ್ಷ ಮೊದಲು ನಮ್ಮ ಧಾರವಾಡದಲ್ಲಿ ಎದ್ದಿತ್ತು. 1856ರಲ್ಲಿ ಮಹಾರ್ ಜಾತಿಯ ಹುಡುಗನೊಬ್ಬ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಕೇಳಿದ. ಸೇರಿಸಿಕೊಳ್ಳಲಿಲ್ಲ. ಅವನು ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಹುಡುಗನ ಕಡೆ ನ್ಯಾಯ ಇದೆ, ಆದರೆ ಅವನೊಬ್ಬನನ್ನು ಸೇರಿಸಿದರೆ ಉಳಿದವರೆಲ್ಲ ಬಿಟ್ಟು ಹೋಗಿ ಶಾಲೆಯೇ ಹಾಳಾಗುತ್ತೆ ಅನ್ನೋ ಧಾಟಿಯಲ್ಲಿ ಸರ್ಕಾರ ಉತ್ತರ ಕೊಟ್ಟಿತು. ವಿಷಯ ಲಂಡನ್ನಿನ ಕಂಪನಿ ಡೈರೆಕ್ಟರುಗಳವರೆಗೂ ಹೋಯಿತು. ಸರ್ಕಾರಿ ಶಾಲೆ ಎಲ್ಲ ಜಾತಿಯವರಿಗೂ ತೆರೆದಿರಬೇಕು ಅನ್ನೋ ನೀತಿ ಕಾಗದದ ಮೇಲೆ ಬಂತು. ಊರೂರಿನ ಶಾಲೆಗಳಲ್ಲಿ ದಲಿತ ಮಕ್ಕಳು ಅದಾದ ಎಷ್ಟೋ ದಶಕ ಜಗಲಿಯ ಮೇಲೇ ಕೂತರು. ಅಂಬೇಡ್ಕರ್ ಅವರು 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಈ ಧಾರವಾಡದ ಪ್ರಕರಣವನ್ನು ಎತ್ತಿ ತೋರಿಸಿದ್ದಾರೆ.

'ಉಳಿದವರೆಲ್ಲ ಬಿಟ್ಟು ಹೋಗ್ತಾರೆ' ಅನ್ನೋ ಭಯ ಧಾರವಾಡದಲ್ಲಿ ಬಾಗಿಲು ಮುಚ್ಚಿಸಿತು. ಪ್ರಿನ್ಸ್ ಎಡ್ವರ್ಡಿನಲ್ಲಿ ಜನ ನಿಜವಾಗಿಯೂ ಬಿಟ್ಟು ಹೋಗಿ ತೋರಿಸಿದರು, ಹೋಗುವಾಗ ಗಲ್ಲಾಪೆಟ್ಟಿಗೆಯನ್ನೂ ಹೊತ್ತುಕೊಂಡು ಹೋದರು.

ಇವತ್ತು ನಮ್ಮ ಗ್ರಾಮ ಪಂಚಾಯ್ತಿಗೆ ಹೀಗೆ ಶಾಲೆಯನ್ನು ಸೊನ್ನೆ ಮಾಡುವ ಶಕ್ತಿ ಇಲ್ಲ. ಮೇಷ್ಟ್ರ ಸಂಬಳ ರಾಜ್ಯ ಸರ್ಕಾರದ್ದು, ಶಿಕ್ಷಣ ಹಕ್ಕು ಕಾಯ್ದೆ ಬೇರೆ ಇದೆ. ಹಾಗಂತ ನಾವು ಬಚಾವು ಅಂದ್ಕೊಳ್ಳೋ ಹಾಗಿಲ್ಲ. ಶಾಲೆಗೆ ಬಜೆಟ್ಟಿನ ಸೊನ್ನೆಯಷ್ಟೇ ಅಲ್ಲ, ಹಾಜರಿಯ ಸೊನ್ನೆಯೂ ಸಾಕು. ದಲಿತ ಹೆಂಗಸು ಅಡುಗೆ ಮಾಡ್ತಾಳೆ ಅಂತ ಬಿಸಿಯೂಟ ಬಿಡಿಸಿದ, ಮಕ್ಕಳ ಟಿಸಿ ತೆಗೆಸಿ ಬೇರೆ ಶಾಲೆಗೆ ಹಾಕಿದ ಸುದ್ದಿಗಳು ನಮ್ಮದೇ ಪತ್ರಿಕೆಗಳಲ್ಲಿ ಬಂದಿವೆ. ಟಿಸಿ ತೆಗೆಸೋದು ಅಪರಾಧ ಅಲ್ಲ. ಒಬ್ಬೊಬ್ಬರದೂ ಅವರವರ ಇಷ್ಟ. ಹತ್ತು ಜನ ಹಾಗೆ ಮಾಡಿದರೆ ಸಂಖ್ಯೆ ಕಡಿಮೆ ಅಂತ ಫೈಲಿನಲ್ಲಿ ಬರುತ್ತೆ, ಇನ್ನೂ ಹತ್ತು ಜನ ಮಾಡಿದರೆ ಪಕ್ಕದೂರಿನ ಶಾಲೆಗೆ ವಿಲೀನ. ಕಾರಣದ ಕಾಲಮ್ಮಿನಲ್ಲಿ ಜಾತಿ ಅಂತ ಎಲ್ಲೂ ಇರಲ್ಲ. ಉಳಿಯೋದು, ಬೇರೆಲ್ಲೂ ಹೋಗೋಕೆ ದಾರಿ ಇಲ್ಲದ ಮನೆಗಳ ಮಕ್ಕಳು. ಇಂಗ್ಲಿಷ್ ಮೀಡಿಯಂ ವ್ಯಾನು ಊರಿನ ಮೇಲಿನ ಕೇರಿಯಲ್ಲಿ ಮಾತ್ರ ನಿಲ್ಲೋದನ್ನು ನಾವೆಲ್ಲ ನೋಡಿದ್ದೀವಿ.

ಮೋಟನ್ ಶಾಲೆಯ ಹಳೆಯ ಕಟ್ಟಡ ಈಗ ಮ್ಯೂಸಿಯಂ. 2003ರಲ್ಲಿ ಕೌಂಟಿ, ಓದು ತಪ್ಪಿದ ಆ ಮಕ್ಕಳನ್ನು ಕರೆದು ಗೌರವ ಡಿಪ್ಲೊಮಾ ಕೊಟ್ಟಿತು. ಅಷ್ಟೊತ್ತಿಗೆ ಅವರಲ್ಲಿ ಹೆಚ್ಚಿನವರು ಅಜ್ಜ ಅಜ್ಜಿಯರು. ವರ್ಜೀನಿಯಾ ರಾಜ್ಯ ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ನಿಲ್ಲಿಸಿದ್ದ ಸೇನಾನಿ ರಾಬರ್ಟ್ ಲೀ ಪ್ರತಿಮೆಯನ್ನು 2020ರಲ್ಲಿ ತೆಗೆಸಿ, ಆ ಜಾಗಕ್ಕೆ ಬಾರ್ಬರಾ ಜಾನ್ಸ್‌ಳನ್ನು ಆರಿಸಿತು. ಅವಳು ತೀರಿಕೊಂಡಿದ್ದು 1991ರಲ್ಲಿ. ದೊಡ್ಡವಳಾದ ಮೇಲೆ ಅವಳು ಮಾಡಿದ ಕೆಲಸ ಲೈಬ್ರರಿಯನ್ ಕೆಲಸ.

ಈ ಕತೆ ಓದಿದಾಗಿನಿಂದ ನನಗೆ ಆ ತಿಂಗಳು ತಿಂಗಳ ಹಣದ ಲೆಕ್ಕವೇ ತಲೆಯಲ್ಲಿ ಕೊರೆಯುತ್ತೆ. ವರ್ಷದ ಬಜೆಟ್ಟನ್ನು ತಿಂಗಳಿಗೆ ಇಳಿಸಿದ ಆ ಮೊದಲ ಮೀಟಿಂಗಿನ ದಿನ ಯಾರ ಶಾಲೆಯೂ ಮುಚ್ಚಲಿಲ್ಲ. ಕೇಳಿದವರಿಗೆ ಅದು ಲೆಕ್ಕಪತ್ರದ ವಿಷಯ ಅನ್ನಿಸಿರುತ್ತೆ. ನಮ್ಮೂರ ಶಾಲೆಯ ಗೋಡೆ ಮೇಲೂ ಎಸ್‌ಡಿಎಂಸಿ ಸದಸ್ಯರ ಹೆಸರುಗಳ ಪಟ್ಟಿ ಬರೆದಿದೆ. ಅವರು ಯಾವಾಗ ಸೇರ್ತಾರೆ, ಏನು ಮಾತಾಡ್ತಾರೆ ಅಂತ ಕೇಳೋರು ಕಮ್ಮಿ. ಗ್ರಾಮಸಭೆಯಲ್ಲೂ ಮನೆ, ಚರಂಡಿ, ಬೀದಿ ದೀಪದ ಮಾತು ಮುಗಿಯೋ ಹೊತ್ತಿಗೆ ಕುರ್ಚಿಗಳು ಖಾಲಿಯಾಗಿರ್ತವೆ. ಮುಂದಿನ ಸಲ ಊರಿಗೆ ಹೋದಾಗ ಗ್ರಾಮಸಭೆ ಇದ್ದರೆ ಕೊನೇವರೆಗೂ ಕೂತಿರಿ. ಶಾಲೆಯಲ್ಲಿ ಈ ವರ್ಷ ಎಷ್ಟು ಮಕ್ಕಳು, ಹೋದ ವರ್ಷ ಎಷ್ಟಿದ್ದರು, ಬಿಟ್ಟು ಹೋದವರು ಯಾವ ಕೇರಿಯವರು, ಉಳಿದವರು ಯಾವ ಕೇರಿಯವರು ಅಂತ ಒಂದು ಸಲ ಎದ್ದು ನಿಂತು ಕೇಳಿ.